ಮಾಳಮ್ಮ ಹೋದ ಕಾರಣ

ಅವ್ವ ಸತ್ತ ದಿನ ಬೆಳಿಗ್ಗೆ ಅವಳೇ ಎದ್ದು ನನಗೆ ಅಂಬಲಿ ಕಾಸಿಕೊಟ್ಟಳು. ನಾನು ಕಣ್ಣುಜ್ಜಿಕೊಂಡು ಒಲೆಯ ಮುಂದೆ ಬಂದಾಗ ಬಟ್ಟಲು ತುಂಬಿಸಿ, ಮೇಲೊಂದು ತಟ್ಟೆ ಮುಚ್ಚಿಟ್ಟಿದ್ದಳು. "ಆರೋಗ್ತದೆ, ಮೊದಲು ಕುಡಿ ಮಗಾ" ಅಂದಳು. ನನಗೆ ಆಗಲೇ ಮೂವತ್ತು ದಾಟಿತ್ತು. ಅಷ್ಟು ವರ್ಷಗಳಲ್ಲಿ ಅವಳು ಒಂದು ಸಲವೂ ನನ್ನನ್ನು ಮಗಾ ಅಂದವಳಲ್ಲ. ಪೀಡೆ ಅನ್ನುತ್ತಿದ್ದಳು, ಮುಂಡೇದು ಅನ್ನುತ್ತಿದ್ದಳು, ಬೇರೆಯವರ ಮುಂದಾದರೆ ಬರೀ 'ಇದು' ಅನ್ನುತ್ತಿದ್ದಳು. ನಾನು ಬಟ್ಟಲು ಮುಟ್ಟದೆ ಉಸಿರೆಳೆದು ನೋಡಿದೆ. ಹುಟ್ಟಿದಾಗಿನಿಂದ ನಮ್ಮ ಮನೆ ತುಂಬ ಇದ್ದ, ಸಾಸಿವೆ ಸೀದಂಥ ಅವಳ ವಾಸನೆ ಅಲ್ಲಿರಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಅಂತ ಹೊರಗಿನವರು ಅನ್ನುತ್ತಾರೆ. ಬಳೆ ಮಾರಲು ಬರುವವರ ಬಾಯಲ್ಲಿ ನಾನದನ್ನು ಕೇಳಿದ್ದೇನೆ. ನಮ್ಮೂರಿನಲ್ಲಿ ಆ ಗಾದೆ ಇಲ್ಲ. ನಮ್ಮಲ್ಲಿ ಗುಣ ಹೋಗುತ್ತದೆ, ಹೋದದ್ದು ಎಲ್ಲರಿಗೂ ತಿಳಿಯುತ್ತದೆ. ಪ್ರತಿಯೊಬ್ಬರ ಮೈಗೂ ಅವರವರ ಗುಣದ ವಾಸನೆ ಇರುತ್ತದೆ. ತನ್ನದು ತನಗೆ ತಿಳಿಯುವುದಿಲ್ಲ, ಪಕ್ಕದವರು ಹೇಳಬೇಕು. ಮಿಂದರೆ ಅದು ಹೋಗುವುದಿಲ್ಲ, ಮುಪ್ಪಾದರೆ ಮಾಸುವುದಿಲ್ಲ. ಗುಣ ಬುಡಸಮೇತ ಬದಲಾದಾಗ ಮಾತ್ರ ಬೇರೆಯಾಗುತ್ತದೆ. ಆಗ ಹಳಬರು ಸತ್ತರು ಅಂತಲೇ ಅರ್ಥ. ಅವರ ಬಟ್ಟೆ ಸುಡುತ್ತೇವೆ, ಉಣ್ಣುತ್ತಿದ್ದ ತಟ್ಟೆಯನ್ನು ಹೊಳೆಗೆ ಬಿಡುತ್ತೇವೆ, ತಿಥಿ ಮಾಡುತ್ತೇವೆ. ಅದೇ ಮೈಯಲ್ಲಿ ಬಂದವರಿಗೆ ಹೊಸ ಹೆಸರಿಡುತ್ತೇವೆ. ಗಂಡನಿಗೆ ಇಷ್ಟವಿದ್ದರೆ ಬಂದವಳಿಗೆ ಮತ್ತೆ ತಾಳಿ ಕಟ್ಟಬಹುದು, ಇಲ್ಲದಿದ್ದರೆ ಇಲ್ಲ. ನಮ್ಮ ಶಾಲೆಯ ಮೇಷ್ಟರಿಗೆ ಈಗಿರುವುದು ಮೂರನೆಯ ಹೆಸರು. ಹಾಜರಿ ಕೂಗುವಾಗ ಒಮ್ಮೊಮ್ಮೆ ತಮ್ಮದೇ ಹಳೇ ಹೆಸರು ಕೂಗಿಬಿಟ್ಟು, ಯಾರಾದರೂ ಓಗೊಡುತ್ತಾರೇನೋ ಎಂಬಂತೆ ಒಂದು ಗಳಿಗೆ ಕಾಯುತ್ತಿದ್ದರಂತೆ.

ನನ್ನ ಹೆಸರು ಆಗ ಚೌಡಕ್ಕ. ಅವ್ವನ ಹೆಸರು ಮಾಳಮ್ಮ. ಅಪ್ಪ ಹಂಚು ಸುಡುವ ಗೂಡು ಕುಸಿದು ಸತ್ತಾಗ ನಾನಿನ್ನೂ ನಡೆಯಲು ಕಲಿಯುತ್ತಿದ್ದೆ. ಅಣ್ಣ ಪಾಲಯ್ಯ ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅವ್ವ ಅದೇ ಗೂಡಿನಲ್ಲಿ ಮಣ್ಣು ತುಳಿದು ನಮ್ಮಿಬ್ಬರನ್ನು ಸಾಕಿದಳು. ಹೊಟ್ಟೆಗೆ ಕಡಿಮೆ ಮಾಡಲಿಲ್ಲ, ಏಟಿಗೂ ಕಡಿಮೆ ಮಾಡಲಿಲ್ಲ. ಅನ್ನ ಚೆಲ್ಲಿದರೆ ಏಟು, ನಕ್ಕರೆ ಏಟು, ಅತ್ತರೆ ಇನ್ನೊಂದು. ಮೀಸೆ ಮೂಡುವ ಮೊದಲೇ ಪಾಲಯ್ಯ ಹೊಳೆ ದಾಟಿ ಆಚೆಕೇರಿಗೆ ಹೋದ. ಅಲ್ಲೇ ಸೌದೆ ಒಡೆಯುವ ಕೆಲಸ ಹಿಡಿದ, ಮದುವೆಯಾದ, ಹೆಂಡತಿಯನ್ನು ಕಳೆದುಕೊಂಡ. ಒಮ್ಮೆಯೂ ಇತ್ತ ಬರಲಿಲ್ಲ. ನಾನು ಉಳಿದೆ. ನನ್ನ ಮೈಗೆ ಒಣಹುಲ್ಲಿನ ವಾಸನೆ ಅಂತ ಪಕ್ಕದ ಮನೆಯ ಸೂರಮ್ಮ ಹೇಳುತ್ತಿದ್ದಳು. "ನೀನು ಹುಲ್ಲೇ ಕಣೇ. ಯಾರು ತುಳಿದರೂ ಬಾಗ್ತೀಯ" ಅನ್ನುತ್ತಿದ್ದಳು. ಅವಳ ಮಾತಲ್ಲಿ ಮರುಕವೂ ಇತ್ತು, ಸ್ವಲ್ಪ ತಿರಸ್ಕಾರವೂ ಇತ್ತು.

ಆ ಬೆಳಿಗ್ಗೆ ಬೆಂಕಿ ಕೇಳಲು ಬಂದ ಸೂರಮ್ಮ ಹೊಸ್ತಿಲಲ್ಲೇ ನಿಂತಳು. "ಒಳಗೆ ಯಾರಿದ್ದಾರೆ?" ಅಂದಳು.

"ಅವ್ವ."

"ಅಲ್ಲ" ಅಂದವಳೇ ತಿರುಗಿ ಭರಮಜ್ಜನ ಮನೆಗೆ ಓಡಿದಳು.

ಇಂಥದ್ದನ್ನು ನಿಶ್ಚಯಿಸುವವನು ಭರಮಜ್ಜ. ಅವನ ಅಪ್ಪನೂ ಇದನ್ನೇ ಮಾಡುತ್ತಿದ್ದ. ಬಂದು, ಅವ್ವನ ಎದುರು ಕೂತು, ಅವಳ ಮುಂಗೈ ಹಿಡಿದು ಮೂಗಿನ ಹತ್ತಿರ ತಂದುಕೊಂಡ. ಅವ್ವ ನಾಚಿಕೊಂಡು ನಕ್ಕಳು. ಅವಳಿಗೆ ನಗಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಹೊಸ ಮಡಕೆಗೆ ಮೊದಲ ಸಲ ನೀರು ಹುಯ್ದಾಗ ಬರ್ತದಲ್ಲ, ಅದು" ಅಂದ ಭರಮಜ್ಜ. ಆಮೇಲೆ ನನ್ನತ್ತ ತಿರುಗಿದ. "ಮಾಳಮ್ಮ ಹೋದಳು ಕಣವ್ವಾ. ಯಾಕೆ ಹೋದಳು?"

ಅದು ನಮ್ಮ ಪದ್ಧತಿ. ಕಾರಣ ತಿಳಿಯದೆ ತಿಥಿ ಮುಗಿಯದು, ಹೆಸರು ಬೀಳದು. ಹೆಸರಿಲ್ಲದವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಬಾವಿಗೆ ಹಗ್ಗ ಇಳಿಸಲು ಬಿಡುವುದಿಲ್ಲ. ಕಾರಣವಿಲ್ಲದೆ ಒಬ್ಬರು ಬದಲಾದರೆ ಯಾರು ಬೇಕಾದರೂ ಬದಲಾಗಬಹುದು ಅಂತ ಊರಿಗೆ ಭಯ. ಸಾಮಾನ್ಯವಾಗಿ ಕಾರಣ ಎದುರಿಗೇ ಇರುತ್ತದೆ. ಕೂಸು ಸತ್ತಿರುತ್ತದೆ, ಜೈಲಿಗೆ ಹೋಗಿಬಂದಿರುತ್ತಾರೆ, ತಲೆಗೆ ಏಟು ಬಿದ್ದಿರುತ್ತದೆ, ಕೈಗೆ ಅಧಿಕಾರ ಸಿಕ್ಕಿರುತ್ತದೆ. ಮನೆ ಮುಂದೆ ಹೋಗುವವರನ್ನೆಲ್ಲ ಶಪಿಸುತ್ತಿದ್ದ ಮುದುಕನೊಬ್ಬ ತಬ್ಬಲಿ ಕರುವೊಂದನ್ನು ಸಾಕಿ ಬದಲಾಗಿದ್ದ. ಇನ್ನೊಂದು ನಿಯಮವಿದೆ: ಹೋದವರ ಕಾರಣವನ್ನು ಬಂದವರು ಹೇಳುವಂತಿಲ್ಲ. ಕಣ್ಣಾರೆ ಕಂಡ, ಹೆಸರಿರುವ ಬೇರೆಯವರೇ ಹೇಳಬೇಕು.

"ನಂಗೊತ್ತಿಲ್ಲ ಅಜ್ಜಾ" ಅಂದೆ.

"ಹುಡುಕು. ತಿಥಿಯೊಳಗೆ ತಂದು ಹೇಳು."

ಮಧ್ಯಾಹ್ನ ಹೊಳೆದಂಡೆಯಲ್ಲಿ ಅವ್ವನ ಸೀರೆಗಳನ್ನು ಸುಟ್ಟೆವು. ಹಂಚಿನ ಗೂಡಿನ ಹೆಂಗಸರೆಲ್ಲ ಬಂದಿದ್ದರು. ಯಾರೂ ಅಳಲಿಲ್ಲ. ಮಾಳಮ್ಮನ ಬಾಯಿಂದ ಬೈಸಿಕೊಳ್ಳದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ಹೊಗೆ ನೋಡುತ್ತ ನಿಂತರು. ಕೊನೆಗೆ ಅತ್ತವಳು ಒಬ್ಬಳೇ, ಆ ಹೊಸಬಳು. ಸೂರಮ್ಮನ ಹಳೇ ಸೀರೆ ಉಟ್ಟುಕೊಂಡು, ದೂರದಲ್ಲಿ ಕಲ್ಲಿನ ಮೇಲೆ ಕೂತು, "ಪಾಪ, ಅವಳಿಗೆ ಅಂತ ಯಾರೂ ಅಳ್ಲಿಲ್ವಲ್ಲ" ಅಂತ ಬಿಕ್ಕಿಬಿಕ್ಕಿ ಅತ್ತಳು. ನನಗೂ ಅಳು ಬರಲಿಲ್ಲ. ನನಗೆ ಬಂದದ್ದು ಸಿಟ್ಟು. ಅವಳು ತಪ್ಪಿಸಿಕೊಂಡಳು ಅನ್ನಿಸಿತು. ಮುಂದೆಂದೋ ಅವಳು ಹಾಸಿಗೆ ಹಿಡಿದ ಮೇಲಾದರೂ ಒಂದು ದಿನ ಪಕ್ಕ ಕೂತು, ಯಾಕೆ ಹೊಡೆದೆ ಅಂತ ಕೇಳುವುದಿತ್ತು. ಈಗ ಯಾರನ್ನು ಕೇಳುವುದು?

ಆದರೂ ಮನೆಗೆ ಬಂದ ಮೇಲೆ ಕೇಳಿದೆ. ಅವಳು ನನ್ನ ತಲೆಗೆ ಎಣ್ಣೆ ಹಚ್ಚಲು ಬಂದಳು. ಅವಳ ಕೈ ಮೇಲೇರಿದ್ದು ಕಂಡು ನಾನು ಗೋಡೆಗೆ ಸರಿದೆ. ಅವಳು ಎಣ್ಣೆ ಬಟ್ಟಲು ಕೆಳಗಿಟ್ಟಳು.

"ನಿಂಗೆ ನೆನಪೈತಾ? ನೀನು ನಮ್ಮನ್ನ ಹೊಡೀತಿದ್ದದ್ದು?"

"ಎಲ್ಲಾ ನೆನಪೈತೆ ಮಗಾ. ಯಾವ ಯಾವ ದಿನ ಅಂತಾನೂ ನೆನಪೈತೆ."

"ಮತ್ತೆ ಯಾಕೆ ಹೊಡೆದೆ?"

ಅವಳು ಯೋಚಿಸಿದಳು. ಸುಳ್ಳು ಹೇಳಲು ಹೊಂಚುವವರ ಹಾಗಲ್ಲ. ಕಳೆದ ಬೀಗದ ಕೈಯನ್ನು ನಿಜವಾಗಿ ಹುಡುಕುವವರ ಹಾಗೆ ಹಣೆ ಸುಕ್ಕಿಸಿಕೊಂಡಳು. "ಸಿಗ್ತಿಲ್ಲ" ಅಂದಳು. "ನೆನಪು ಐತೆ, ಸಿಟ್ಟು ಸಿಗ್ತಿಲ್ಲ. ಅದನ್ನ ಅವಳು ತಗೊಂಡು ಹೋಗಿದ್ದಾಳೆ."

"ನಿನ್ನೆ ನಾನು ಮಲಗಿದ ಮೇಲೆ ಮನೆಗೆ ಬಂದ್ಯಲ್ಲ, ಏನಾಯ್ತು ಹೇಳು."

"ನಾನು ಹೇಳಬಾರದಲ್ಲವ್ವಾ."

"ಅಜ್ಜನಿಗೆ ಹೇಳಬೇಡ. ನಂಗೆ ಹೇಳು."

ಆಗ ಹೇಳಿದಳು. ಪಾಲಯ್ಯನ ಮನೆಯ ಮಾಡು ಸೋರುತ್ತಿದೆ ಅಂತ ಯಾರೋ ಗೂಡಿನಲ್ಲಿ ನಕ್ಕಿದ್ದರಂತೆ. ಹಂಚು ಮಾಡುವವಳ ಮಗ ಹಂಚಿಲ್ಲದೆ ಕೂತಿದ್ದಾನೆ ಅಂತ. ಮಾಳಮ್ಮನಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷಕ್ಕೆ ಮೊದಲ ಸಲ ಹೊಳೆ ದಾಟಿ ಬೈಯಲು ಹೋದಳು. ಬಾಗಿಲು ತೆರೆದಿತ್ತು. ಒಳಗೆ ಪಾಲಯ್ಯ ಸೌದೆಯ ಸೀಳು ಹಿಡಿದು ತನ್ನ ಮಗಳಿಗೆ ಬಾರಿಸುತ್ತಿದ್ದ. ಅಂಥ ಮಗಳೊಬ್ಬಳಿದ್ದಾಳೆ ಅಂತ ಮಾಳಮ್ಮ ಕೇಳಿದ್ದಳು, ನೋಡಿರಲಿಲ್ಲ. ತಿಮ್ಮಿ ಅಂತ ಹೆಸರು, ಹಲ್ಲು ಬೀಳುವ ವಯಸ್ಸು.

"ಅವನು ಕೈ ಎತ್ತಿದ ರೀತಿ ಮಾಳಮ್ಮಂದು. ಬೈಗುಳ ಮಾಳಮ್ಮಂದು. ಆ ಕೂಸು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸ್ತಾ ಇತ್ತು. ಏಟು ಮುಗಿಯೋವರೆಗೂ ಏನೋ ಹೇಳಿಕೊಳ್ತಾ ಇತ್ತು ಒಳಗೊಳಗೇ. ಮಾಳಮ್ಮ ಬಾಯಿ ತೆಗೆದಳು, 'ಬಿಡೋ ಮುಂಡೇಮಗನೇ' ಅನ್ನೋಕೆ. ಅವನು ತಿರುಗಿ ಅವಳನ್ನ ನೋಡಿದ. ಅವಳಿಗೆ ಮಾತೇ ಬರಲಿಲ್ಲ. ಬತ್ತಿದ ಬಾವಿಗೆ ಕೊಡ ಬಿಟ್ಟರೆ ತಳದ ಕಲ್ಲಿಗೆ ತಾಗ್ತದಲ್ಲ, ಹಂಗೆ. ಹಿಂದಕ್ಕೆ ತಿರುಗಿ ಬಂದಳು. ದೋಣಿಯಲ್ಲಿ ಕೂತಳು. ಆಚೆ ದಡದಲ್ಲಿ ಹತ್ತಿದವಳು ಈಚೆ ದಡದಲ್ಲಿ ಇಳೀಲಿಲ್ಲ."

"ಆ ಮಗು?"

"ಅಲ್ಲೇ ಐತೆ" ಅಂದಳು. ಮತ್ತೆ ಅಳತೊಡಗಿದಳು.

ಕಂಡವರು ಅಂತ ಇದ್ದವನು ಪಾಲಯ್ಯ ಒಬ್ಬನೇ. ಅವನನ್ನು ಕರೆತಂದು ಭರಮಜ್ಜನ ಮುಂದೆ ಹೇಳಿಸಬೇಕಿತ್ತು. ಮಾರನೆಯ ದಿನ ನಾನೂ ಅವಳೂ ಜಟ್ಟೆಪ್ಪನ ದೋಣಿ ಹತ್ತಿದೆವು. ಜಟ್ಟೆಪ್ಪ ಹುಟ್ಟು ಹಾಕುವವನು, ನಮ್ಮನ್ನು ಸಣ್ಣಂದಿನಿಂದ ಬಲ್ಲ. ನನ್ನ ಪಕ್ಕ ಕೂತು, "ಹೆಂಗವಳೆ ಹೊಸಬಳು?" ಅಂತ ಪಿಸುಗುಟ್ಟಿದ. "ಒಳ್ಳೇವಳು" ಅಂದೆ. "ಮತ್ತೆ ಯಾಕೆ ಮುಖ ಹಿಂಗೈತೆ?" ಅಂದ.

ಪಾಲಯ್ಯ ಮನೆಯ ಮುಂದೆ ಸೌದೆ ಒಡೆಯುತ್ತಿದ್ದ. ತಲೆ ಅರ್ಧ ನರೆತಿತ್ತು. ಗೋಡೆಯ ಬುಡದಲ್ಲಿ ತಿಮ್ಮಿ ಸಿಬರುಗಳನ್ನು ಆಯ್ದು ಬುಟ್ಟಿಗೆ ಹಾಕುತ್ತಿದ್ದಳು. ಕೊಡಲಿ ಏಳುವಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಹತ್ತಿರ ಹೋದಾಗ ಅವನ ಮೈಯಿಂದ ಸೀದ ಸಾಸಿವೆಯ ವಾಸನೆ ಬಂತು. ಹುಡುಗನಿದ್ದಾಗ ಅವನಿಗೆ ಆ ವಾಸನೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಅವ್ವನ ಮುಂದೆ ನಮ್ಮ ಯಾರ ವಾಸನೆಯೂ ತಿಳಿಯುತ್ತಿರಲಿಲ್ಲ.

ಅವನು ಕೊಡಲಿ ಕೆಳಗಿಟ್ಟು ಅವಳನ್ನೇ ನೋಡಿದ. ಉಸಿರೆಳೆದ. ಅವನಿಗೂ ಗೊತ್ತಾಯಿತು. "ಯಾವಾಗ?" ಅಂದ.

"ನಿನ್ನ ನೋಡಿಹೋದ ಮೇಲೆ" ಅಂದೆ. "ನೀನು ಬಂದು ಅಜ್ಜನ ಮುಂದೆ ಹೇಳಬೇಕು. ಇಲ್ಲಾಂದ್ರೆ ಇವಳಿಗೆ ಹೆಸರಿಲ್ಲ."

ಅವಳು ಮುಂದೆ ಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು. "ಪಾಲಾ, ಹೆಸರು ಬೇಡ ನಂಗೆ. ಆ ಕೂಸಿಗೆ ಹೊಡೀಬೇಡಪ್ಪಾ. ನಿನ್ನ ಕಾಲಿಗೆ ಬೀಳ್ತೀನಿ." ನಿಜವಾಗಿಯೂ ಬಿದ್ದಳು.

ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವನ ಮುಖ ಹುಡುಗನ ಮುಖದಂತಾಯಿತು. "ಆಯಮ್ಮ ಬಂದು ಬೀಳಬೇಕಿತ್ತು" ಅಂದ. "ನಾನು ಇಲ್ಲಿ ಕೂತು ದಿನಾ ಅದನ್ನೇ ಕಾಯ್ತಿದ್ದೆ. ನೀನ್ಯಾರೋ ದಾರೀಲಿ ಹೋಗೋ ಹೆಂಗಸು. ನೀನು ಬಿದ್ದರೆ ನಂಗೇನು? ಎದ್ದೇಳು. ಎದ್ದೇಳು ಅಂದೆ!"

ಆ ಕೂಗಿಗೆ ತಿಮ್ಮಿ ಬೆಚ್ಚಿದಳು. ಬುಟ್ಟಿ ಉರುಳಿ ಸಿಬರೆಲ್ಲ ಅಂಗಳಕ್ಕೆ ಚೆಲ್ಲಿತು. ಪಾಲಯ್ಯ ತಿರುಗಿದ. ಅವನ ಕೈಗೆ ಸೌದೆಯ ಸೀಳೊಂದು ಬಂದದ್ದನ್ನು ನಾನು ನೋಡಿದೆ, ಅವನು ನೋಡಲಿಲ್ಲ ಅನ್ನಿಸುತ್ತದೆ. ಬಿದ್ದಿದ್ದವಳು ಎದ್ದು ಓಡಿ ಮಗುವಿನ ಮೇಲೆ ಬಗ್ಗಿದಳು. ಮೊದಲ ಏಟು ಅವಳ ಬೆನ್ನಿಗೆ ಬಿತ್ತು. ಅವಳು ಬೈಯಲಿಲ್ಲ, ತಡೆಯಲಿಲ್ಲ. "ಬೇಡಪ್ಪಾ, ಬೇಡಪ್ಪಾ" ಅಂದಳು ಅಷ್ಟೇ. ಎರಡನೆಯದೂ ಬಿತ್ತು. ಹಳೇ ಮಾಳಮ್ಮ ಇದ್ದಿದ್ದರೆ ಅವನ ಕೈ ಕಚ್ಚಿ, ಜುಟ್ಟು ಹಿಡಿದು, ಕೇರಿಯನ್ನೆಲ್ಲ ಕೂಗಿ ಕರೆದು ಆ ಮಗುವನ್ನು ಕಿತ್ತುಕೊಂಡು ಬರುತ್ತಿದ್ದಳು. ಈ ಒಳ್ಳೆಯ ಹೆಂಗಸಿಗೆ ಏಟು ತಿನ್ನುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅಲ್ಲಿ ಇನ್ನು ಉಳಿದಿದ್ದವಳು ನಾನು.

ನಾನು ಅವನ ಕೈಯಿಂದ ಸೀಳು ಕಿತ್ತುಕೊಂಡೆ. ಅದು ಅಷ್ಟು ಸುಲಭವಾಗಿ ಬಂದದ್ದು ನನಗೇ ಆಶ್ಚರ್ಯ. ಮೊದಲ ಏಟು ಅವನ ಮೊಣಕೈಗೆ. ಮೂಳೆ ಮುರಿದ ಸದ್ದು ಕೇಳಿಸಿತು. ಅವನು ಕೂತ. ಅಲ್ಲಿಗೆ ಮುಗಿದಿತ್ತು, ಮಗುವನ್ನು ಎತ್ತಿಕೊಂಡು ಬರಬಹುದಿತ್ತು. ನಾನು ನಿಲ್ಲಿಸಲಿಲ್ಲ. ಹೆಗಲಿಗೆ ಹೊಡೆದೆ, ಬೆನ್ನಿಗೆ ಹೊಡೆದೆ. ನನ್ನ ಬಾಯಿಂದ ಏನೇನೋ ಮಾತು ಬರುತ್ತಿತ್ತು. ಅಷ್ಟು ವರ್ಷ ಆಡದ ಮಾತೆಲ್ಲ. ಹೊಡೆಯುತ್ತ ಹೊಡೆಯುತ್ತ ಮೈಯೆಲ್ಲ ಬಿಸಿಯಾಗಿ, ಹಗುರವಾಗಿ, ಚಳಿಗಾಲದಲ್ಲಿ ಗೂಡಿನ ಬಾಯಿಗೆ ಬೆನ್ನು ಕೊಟ್ಟು ನಿಂತಷ್ಟು ಹಿತವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಹಿತವಾಯಿತು. ಪಾಲಯ್ಯ ಒಂದು ಕೈಯಲ್ಲಿ ಇನ್ನೊಂದು ಕೈ ಹಿಡಿದು ನನ್ನನ್ನು ನೋಡುತ್ತಿದ್ದ. ತಪ್ಪಿಸಿಕೊಳ್ಳಲಿಲ್ಲ. ಕೊನೆಗೆ ಅವಳು ನನ್ನ ಸೊಂಟ ಹಿಡಿದು ಎಳೆದಳು. "ಸಾಕು ಚೌಡಿ, ಸಾಕು, ಕೂಸು ನೋಡ್ತಾ ಐತೆ" ಅಂದಳು.

ತಿಮ್ಮಿ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು.

ದೋಣಿಯಲ್ಲಿ ಜಟ್ಟೆಪ್ಪ ನನ್ನ ಪಕ್ಕ ಕೂರಲಿಲ್ಲ. ನಾನು ಹತ್ತಿದೊಡನೆ ಅವನ ಮೂಗಿನ ಹೊಳ್ಳೆ ಅರಳಿತು. ಆ ತುದಿಗೆ ಹೋಗಿ ಹುಟ್ಟು ಹಿಡಿದ. ತಿಮ್ಮಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಅವಳ ಕಾಲು ನನ್ನ ಸೀರೆಗೆ ತಾಗಿತು. ತಾಗಿದ ಕೂಡಲೇ ಎಳೆದುಕೊಂಡಳು. ನಡುಹೊಳೆಯಲ್ಲಿ ನಾನು ಕೇಳಿದೆ, "ಏನು ವಾಸನೆ ಜಟ್ಟೆಪ್ಪಾ?"

ಅವನು ಹುಟ್ಟನ್ನು ನೀರಿಗೆ ಒತ್ತಿದ. "ಕಬ್ಬಿಣ" ಅಂದ. "ಸಾಣೆ ಹಿಡಿದಾಗ ಬರ್ತದಲ್ಲವ್ವಾ, ಹಂಗೆ." ಒಣಹುಲ್ಲಿನವಳ ಮೇಲೆ ಅವನಿಗೆ ಇಷ್ಟವಿತ್ತು ಅಂತ ನನಗಾಗ ಮೊದಲ ಬಾರಿಗೆ ತಿಳಿಯಿತು. ಅವನ ಕಣ್ಣು ಒದ್ದೆಯಾಗಿತ್ತು. ನನಗೆ ಅವನ ಮೇಲೆ ಮರುಕ ಬರಲಿಲ್ಲ. ದೋಣಿ ಬೇಗ ಸಾಗುತ್ತಿಲ್ಲವಲ್ಲ ಅಂತ ರೇಗಿತು.

ಭರಮಜ್ಜ ಒಂದೇ ತಿಥಿಯಲ್ಲಿ ಎರಡನ್ನೂ ಮುಗಿಸೋಣ ಅಂದ. ನನ್ನ ಸೀರೆಗಳನ್ನೂ ಸುಟ್ಟರು. ಈ ಸಲ ಎಲ್ಲರೂ ಅತ್ತರು. ಸೂರಮ್ಮ ನೆಲಕ್ಕೆ ಬಿದ್ದು ಹೊರಳಾಡಿ, "ಹುಲ್ಲಿನಂಥ ಹುಡುಗಿ, ಒಬ್ಬರಿಗೆ ಎದುರಾಡಿದವಳಲ್ಲ" ಅಂತ ಚೌಡಕ್ಕನ ಗುಣವನ್ನೆಲ್ಲ ಹಾಡಿ ಹೇಳಿ ಅತ್ತಳು. ನಾನು ದೂರದ ಕಲ್ಲಿನ ಮೇಲೆ ಕೂತು ಕೇಳಿದೆ. ಸತ್ತವಳು ಬದುಕಿದ್ದಾಗ ಸೂರಮ್ಮ ಇದರಲ್ಲಿ ಒಂದು ಮಾತಾದರೂ ಹೇಳಿದ್ದರೆ ಅವಳಿಗೆ ಎಷ್ಟು ಖುಷಿಯಾಗುತ್ತಿತ್ತೋ.

ಕಾರಣ ಹೇಳುವವರು ಯಾರು ಅಂತ ಕೂಗಿದಾಗ ಯಾರೂ ಏಳಲಿಲ್ಲ. ಪಂಕ್ತಿ ಹಾಕುವ ಹೊತ್ತಿಗೆ ಪಾಲಯ್ಯ ಬಂದ. ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಇಷ್ಟು ವರ್ಷಗಳ ಮೇಲೆ ಈಚೆ ದಡಕ್ಕೆ ಬಂದವನು ಯಾರ ಮುಖವನ್ನೂ ನೋಡದೆ ನೇರ ಭರಮಜ್ಜನ ಮುಂದೆ ನಿಂತ.

"ನಾನು ಕಂಡಿದ್ದೀನಿ" ಅಂದ. "ಮಾಳಮ್ಮ ನನ್ನಲ್ಲಿ ತನ್ನನ್ನೇ ಕಂಡು ಹೋದಳು. ಚೌಡಕ್ಕ ನನ್ನ ಹೊಡೆದು ಹೋದಳು. ಎರಡಕ್ಕೂ ನಾನೇ ಕಾರಣ ಅಂತ ಬರೆದುಕೋ ಅಜ್ಜಾ, ನೆನಪಿಟ್ಟುಕೋ, ಏನಾದರೂ ಮಾಡು."

ಭರಮಜ್ಜ ಅವನ ಒಳ್ಳೆಯ ಕೈ ಹಿಡಿದು ಮುಂಗೈಗೆ ಮೂಗು ತಂದ. ಹಿಡಿದೇ ಇದ್ದ.

"ನೋಡಬೇಡ ಅಜ್ಜಾ" ಅಂದ ಪಾಲಯ್ಯ. "ನಾನು ಎಲ್ಲೂ ಹೋಗಿಲ್ಲ. ಅವರಿಬ್ಬರೂ ಹೋದರು. ಮನೇಲಿ ಒಬ್ಬನೇ ಕೂತು ಕಾದೆ, ಈಗ ಹೋಗ್ತೀನಿ, ಈಗ ಹೋಗ್ತೀನಿ ಅಂತ. ನಂಗೆ ಹೋಗೋಕೂ ಬರಲಿಲ್ಲ." ಅವನು ತಿಮ್ಮಿಯನ್ನು ಹುಡುಕಿ ನೋಡಿದ. ಅವಳು ಕಂಬದ ಹಿಂದಿದ್ದಳು. "ಇಲ್ಲೇ ಇರಲಿ ಅದು" ಅಂದು, ಎಲೆಯ ಮುಂದೆ ಕೂರದೆ ದೋಣಿಯ ಕಡೆ ನಡೆದ. ಆಮೇಲೆ ಅವನು ಬರಲಿಲ್ಲ. ಅವನ ಮನೆಯ ಮಾಡು ಈಗ ಮುಕ್ಕಾಲು ಕುಸಿದಿದೆ ಅಂತ ಜಟ್ಟೆಪ್ಪ ಹೇಳಿದ. ಅದರಡಿ ಅವನು ಇದ್ದಾನಂತೆ, ಸೌದೆ ಒಡೆಯುತ್ತಾನಂತೆ.

ಅವಳಿಗೆ ಹೊನ್ನಮ್ಮ ಅಂತ ಹೆಸರಾಯಿತು. ನನಗೆ ಮಾರಕ್ಕ. ಗೂಡಿನಲ್ಲಿ ನನ್ನನ್ನು ಮಣ್ಣು ತುಳಿಯುವುದರಿಂದ ಬಿಡಿಸಿ ಮೇಸ್ತ್ರಿ ಮಾಡಿದರು. ನಾನಿದ್ದರೆ ಯಾರೂ ಕೆಲಸದಲ್ಲಿ ಮಾತಾಡುವುದಿಲ್ಲ. ಕೆಟ್ಟವಳೇನಲ್ಲ ಅಂತ ನನ್ನ ಬೆನ್ನ ಹಿಂದೆ ಅನ್ನುತ್ತಾರಂತೆ, ನ್ಯಾಯಸ್ಥಳು ಅನ್ನುತ್ತಾರಂತೆ. ತಿಮ್ಮಿಗೆ ನಾನು ಒಂದು ಏಟೂ ಹೊಡೆದಿಲ್ಲ. ಅವಳು ಹೊನ್ನಮ್ಮನ ಜೊತೆ ನಗುತ್ತಾಳೆ, ಹೊನ್ನಮ್ಮನ ಮಗ್ಗುಲಲ್ಲಿ ಮಲಗುತ್ತಾಳೆ. ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾಳೆ.

ಮೊನ್ನೆ ಬಿಸಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆವು. ನನಗೆ ಇದ್ದಕ್ಕಿದ್ದಂತೆ ಕೇಳಬೇಕು ಅನ್ನಿಸಿತು. "ಚೌಡಕ್ಕ ಹೆಂಗಿದ್ದಳು?" ಅಂದೆ.

ಹೊನ್ನಮ್ಮ ತಲೆ ಎತ್ತಲಿಲ್ಲ. "ಸಣ್ಣವಳಿದ್ದಾಗ ಮಾತು ಜಾಸ್ತಿ" ಅಂದಳು. "ಇರುವೆ ಜೊತೆಗೆಲ್ಲ ಮಾತಾಡೋಳು. ಮಳೆ ಬಂದರೆ ಹಂಚಿನ ಮೇಲೆ ಯಾರೋ ಅಕ್ಕಿ ಆರಿಸ್ತಾರೆ ಅನ್ನೋಳು. ಮಾಳಮ್ಮಂಗೆ ಒಳಗೊಳಗೇ ನಗು ಬರ್ತಿತ್ತು, ತೋರಿಸ್ತಿರಲಿಲ್ಲ. ಹೊಡೆದು ಹೊಡೆದು ಆ ಮಾತು ನಿಲ್ಲಿಸಿಬಿಟ್ಟಳು. ಅದು ನೆನೆಸಿಕೊಂಡರೆ ಹೊಟ್ಟೆ ಉರೀತದೆ ಮಗಾ. ಆ ಹುಡುಗಿಯದು ಒಂದು ಚೂರೂ ತಪ್ಪಿರಲಿಲ್ಲ."

ನಾನು ಕೇಳಿಸಿಕೊಂಡೆ. ಈ ಮಾತು ಯಾರಿಗೆ ಬೇಕಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. ಅವಳು ಇರಲಿಲ್ಲ. ನನ್ನೊಳಗೆ ಎಲ್ಲಾದರೂ ಒಂದು ಮೂಲೆಯಲ್ಲಿ ಅವಳು ಕೂತು ಕೇಳಿಸಿಕೊಂಡಳೇನೋ ಅಂತ ಕಿವಿಗೊಟ್ಟು ನೋಡಿದೆ. ಬಿಸಿಲು ಏರುತ್ತಿತ್ತು. ಬುಟ್ಟಿಯಲ್ಲಿ ಇನ್ನೂ ಅರ್ಧ ಹಣ್ಣು ಉಳಿದಿತ್ತು, ಕೈಯೆಲ್ಲ ಅಂಟಾಗಿತ್ತು. "ತಿಮ್ಮೀ, ಒಂದು ಚೊಂಬು ನೀ—" ಅಂದೆ. ನಾನು ಮಾತು ಮುಗಿಸುವ ಮೊದಲೇ ಅವಳು ಎದ್ದು ಓಡಿದ್ದಳು.